ವೇಪ್ ಸುದ್ದಿ ಓದುವಾಗ ಕೇಳಬೇಕಾದ ಪ್ರಶ್ನೆ: ಯಾವುದಕ್ಕಿಂತ?

ನನ್ನ ಭಾವ ದಿನಕ್ಕೆ ಒಂದು ಪ್ಯಾಕ್ ಸಿಗರೇಟು ಸೇದುತ್ತಾರೆ. ಇಪ್ಪತ್ತೆರಡು ವರ್ಷದ ಚಟ. ಕಳೆದ ತಿಂಗಳು ಒಂದು ಬೆಳಿಗ್ಗೆ ಅವರಿಂದ ವಾಟ್ಸಾಪ್‌ನಲ್ಲಿ ಎರಡು ಲಿಂಕ್ ಬಂದವು. ಒಂದರಲ್ಲಿ, ಇ-ಸಿಗರೇಟು, ಅಂದರೆ ವೇಪ್, ಶೇ 95ರಷ್ಟು ಸುರಕ್ಷಿತ ಅಂತ. ಇನ್ನೊಂದರಲ್ಲಿ, ಅದೇ ಇ-ಸಿಗರೇಟಿನಿಂದ ‘ಪಾಪ್‌ಕಾರ್ನ್ ಲಂಗ್’ ಅನ್ನೋ ವಾಸಿಯಾಗದ ಕಾಯಿಲೆ ಬರುತ್ತದೆ ಅಂತ. ಕೆಳಗೆ ಭಾವನ ಒಂದೇ ಸಾಲು: "ಎರಡರಲ್ಲಿ ಯಾವ್ದು ನಿಜ ಹೇಳಪ್ಪ, ದುಬೈಯಿಂದ ಫ್ರೆಂಡ್ ಬರ್ತಿದಾನೆ, ಒಂದು ತರಿಸ್ಕೊಳ್ಲಾ ಬೇಡ್ವಾ?"

ಎರಡು ಸಾಲಲ್ಲಿ ಉತ್ತರ ಕೊಡೋಣ ಅಂತ ಕೂತೆ. ಆಗಲಿಲ್ಲ. ಯಾಕೆಂದರೆ ಆ ಎರಡೂ ಸುದ್ದಿಗಳ ಹಿಂದೆ ನಿಜವಾದ ಸಂಶೋಧನೆ ಇದೆ. ಎರಡರಲ್ಲೂ ತಲೆಬರಹ ಬರೆದವರು ಏನನ್ನೋ ಉದುರಿಸಿಬಿಟ್ಟಿದ್ದಾರೆ. ಉದುರಿದ್ದು ಹೆಚ್ಚಾಗಿ ಒಂದೇ ಮಾತು, "ಯಾವುದಕ್ಕಿಂತ?" ಅನ್ನೋದು.

ಮೊದಲು ಈ ಸಾಧನ ಏನು ಅಂತ ನೋಡಿಬಿಡೋಣ. ಒಂದು ಬ್ಯಾಟರಿ, ಒಂದು ಚಿಕ್ಕ ಲೋಹದ ಕಾಯಿಲ್, ಸ್ವಲ್ಪ ದ್ರವ. ದ್ರವದಲ್ಲಿ ಇರೋದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಮತ್ತೆ ಮಾವು, ಪುದೀನ ಥರದ ಫ್ಲೇವರ್. ಎಳೆದಾಗ ಕಾಯಿಲ್ ಬಿಸಿಯಾಗಿ ದ್ರವ ಆವಿಯಾಗುತ್ತದೆ. ಇಂದಿನ ರೂಪದ ಇ-ಸಿಗರೇಟನ್ನು 2003ರ ಸುಮಾರಿಗೆ ಮಾಡಿದ್ದು ಹೊನ್ ಲಿಕ್ ಎಂಬ ಚೀನಾದ ಫಾರ್ಮಾಸಿಸ್ಟ್. ಇಲ್ಲಿ ಏನೂ ಉರಿಯುವುದಿಲ್ಲ, ಅದೇ ಮುಖ್ಯ. ಸಿಗರೇಟಿನಲ್ಲಿ ಎಲೆ ಉರಿಯುತ್ತದೆ, ಉರಿದಾಗ ಟಾರ್, ಕಾರ್ಬನ್ ಮಾನಾಕ್ಸೈಡ್ ಸೇರಿ 7000ಕ್ಕೂ ಹೆಚ್ಚು ರಾಸಾಯನಿಕಗಳು ಹುಟ್ಟುತ್ತವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಚಟ ಹತ್ತಿಸುವುದು ನಿಕೋಟಿನ್, ಆದರೆ ಸೇದುವವರನ್ನು ಸಾಯಿಸುವುದು ಮುಖ್ಯವಾಗಿ ಆ ಹೊಗೆ. ಈ ಎರಡನ್ನೂ ಒಂದೇ ಅಂದುಕೊಂಡವರು ತುಂಬಾ ಜನ ಇದ್ದಾರೆ, ಓದಿದವರಲ್ಲೂ.

ಹಾಗಂತ ಆವಿ ಅಂದರೆ ಬರೀ ನೀರಾವಿ ಅಂತಲ್ಲ. ಫ್ಲೇವರ್‌ಗಳಲ್ಲಿ ಬಹುಪಾಲು ತಿನ್ನುವುದಕ್ಕೆ ಅಂತ ಒಪ್ಪಿಗೆ ಪಡೆದವು. ತಿನ್ನೋಕೆ ಸರಿ ಇರೋದೆಲ್ಲ ಉಸಿರಿಗೆ ಸರಿ ಇರಬೇಕಾಗಿಲ್ಲ. ಖಾರದ ಪುಡಿ ಸಾರಿಗೆ ಚೆನ್ನ, ಮೂಗಿಗೆ ಹೋದರೆ ಗೊತ್ತಲ್ಲ. ಬ್ಯಾಟರಿಯ ಶಕ್ತಿ ಜಾಸ್ತಿಯಾದಷ್ಟು, ಕಾಯಿಲ್ ಬಿಸಿಯಾದಷ್ಟು, ದ್ರವ ಒಡೆದು ಹೊಸ ಪದಾರ್ಥಗಳಾಗುತ್ತವೆ. ಕಾಯಿಲ್‌ನ ಲೋಹ ಅಲ್ಪಸ್ವಲ್ಪ ಆವಿಗೆ ಸೇರುತ್ತದೆ. ಹಾಗಾಗಿ "ವೇಪ್ ಸುರಕ್ಷಿತವಾ?" ಅಂತ ಕೇಳುವುದು "ವಾಹನ ಸುರಕ್ಷಿತವಾ?" ಅಂತ ಕೇಳಿದ ಹಾಗೆ. ಯಾವ ವಾಹನ, ಯಾರು ಓಡಿಸ್ತಿದಾರೆ, ಎಲ್ಲಿ?

ಈಗ ಆ 95ಕ್ಕೆ ಬರೋಣ.

ಇದು ಹೊರಬಂದಿದ್ದು 2015ರ ಆಗಸ್ಟ್‌ನಲ್ಲಿ, ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಅನ್ನೋ ಸರ್ಕಾರಿ ಸಂಸ್ಥೆಯ ವರದಿಯಲ್ಲಿ. ಇ-ಸಿಗರೇಟು ಸಿಗರೇಟಿಗಿಂತ ಸುಮಾರು ಶೇ 95ರಷ್ಟು ಕಡಿಮೆ ಹಾನಿಕರ ಎಂದರು. ಗಮನಿಸಿ, ಸಿಗರೇಟಿಗಿಂತ. ಭಾವನ ಲಿಂಕಿನಲ್ಲಿ ಅದು "ಶೇ 95ರಷ್ಟು ಸುರಕ್ಷಿತ" ಆಗಿತ್ತು. ಎರಡಕ್ಕೂ ಏನು ವ್ಯತ್ಯಾಸ ಅಂದರೆ, ಸಿಗರೇಟು ಬಿಡದೆ ಸೇದಿದವರಲ್ಲಿ ಅರ್ಧದಷ್ಟು ಜನರನ್ನು ಸಾಯಿಸಬಲ್ಲ ವಸ್ತು. ಅಂಥದ್ದಕ್ಕಿಂತ ಇದು ಎಷ್ಟೋ ಪಾಲು ಕಡಿಮೆ ಅನ್ನುವುದು, ಏನೂ ಸೇದದ ಹುಡುಗನಿಗೆ ಸಮಾಧಾನ ಹೇಳುವ ಮಾತಲ್ಲ.

ಇನ್ನು ಆ 95ನ್ನು ಯಾರಾದರೂ ಅಳೆದರಾ? ಇಲ್ಲ. ಇದು ನನಗೂ ಮೊದಲ ಸಲ ಓದಿದಾಗ ಅಚ್ಚರಿ ತಂದಿತ್ತು. ಡೇವಿಡ್ ನಟ್ ಎಂಬ ವಿಜ್ಞಾನಿಯ ಜೊತೆ ಕೆಲವು ತಜ್ಞರು ಕೂತು, ಸಿಗರೇಟು, ಸಿಗಾರು, ನಶ್ಯ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಹೀಗೆ 12 ಬಗೆಯ ಪದಾರ್ಥಗಳಿಗೆ 14 ಅಳತೆಗೋಲುಗಳಲ್ಲಿ ಅಂಕ ಕೊಟ್ಟರು. ಸಿಗರೇಟಿಗೆ ಹೆಚ್ಚುಕಡಿಮೆ 100 ಬಂತು, ಇ-ಸಿಗರೇಟಿಗೆ 4ರ ಆಸುಪಾಸು. ಇದು 2014ರಲ್ಲಿ ಪ್ರಕಟವಾಯಿತು, ಪಬ್ಲಿಕ್ ಹೆಲ್ತ್ ಇಂಗ್ಲೆಂಡ್‌ನ 95ರ ಮೂಲ ಇದೇ. ಪರೀಕ್ಷಾ ಮಂಡಳಿಯವರು ಮೌಖಿಕ ಪರೀಕ್ಷೆಗೆ ಅಂಕ ಹಾಕಿದ ಹಾಗೆ ಅನ್ನಿ. ಅನುಭವಸ್ಥರ ಅಂದಾಜು ಹೌದು, ತಕ್ಕಡಿಯಲ್ಲಿ ತೂಗಿದ್ದಲ್ಲ. ಹೆಚ್ಚಿನ ಪದಾರ್ಥಗಳ ಹಾನಿಯ ಬಗ್ಗೆ ಗಟ್ಟಿ ಪುರಾವೆ ಇಲ್ಲ ಅಂತ ಆ ಲೇಖನದಲ್ಲೇ ಒಪ್ಪಿಕೊಂಡಿದ್ದರು. 2015ರ ಆ ಸರ್ಕಾರಿ ವರದಿ ಬಂದ ಕೆಲವೇ ದಿನಕ್ಕೆ ‘ದಿ ಲ್ಯಾನ್ಸೆಟ್’ ಪತ್ರಿಕೆ ಸಂಪಾದಕೀಯ ಬರೆದು, ಇಷ್ಟು ತೆಳುವಾದ ಬುನಾದಿಯ ಮೇಲೆ ಇಷ್ಟು ದೊಡ್ಡ ಮಾತಾ ಅಂತ ತರಾಟೆಗೆ ತೆಗೆದುಕೊಂಡಿತು. ಅಂಕ ಕೊಟ್ಟವರಲ್ಲಿ ಕೆಲವರಿಗೆ ಉದ್ಯಮದ ಜೊತೆ ನಂಟಿತ್ತು ಎಂಬುದನ್ನೂ ಎತ್ತಿ ತೋರಿಸಿತು.

ಹಾಗಾದರೆ ಅದು ಸುಳ್ಳಾ? ಸುಳ್ಳು ಅನ್ನೋಕೂ ಆಗಲ್ಲ. 2016ರಲ್ಲಿ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಬೇರೆಯಾಗಿಯೇ ಪರಿಶೀಲಿಸಿ, ದೀರ್ಘಕಾಲದ ಹಾನಿ ಸಿಗರೇಟಿನ ಹಾನಿಯ ಶೇ 5ನ್ನು ಮೀರಲಿಕ್ಕಿಲ್ಲ ಅಂತ ಹೇಳಿತು. 2018ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮೀಸ್ ದಪ್ಪ ವರದಿ ತಂದು, ಅಪಾಯ ಇಲ್ಲದ್ದಲ್ಲ, ಆದರೆ ಸಿಗರೇಟಿಗಿಂತ ಸಾಕಷ್ಟು ಕಡಿಮೆ ಇರುವ ಸಾಧ್ಯತೆ ಹೆಚ್ಚು ಎಂದಿತು. ದಿಕ್ಕಿನ ಬಗ್ಗೆ ಬಹಳಷ್ಟು ತಜ್ಞರಿಗೆ ಜಗಳ ಇಲ್ಲ. ಜಗಳ ಇರೋದು ಆ ಅಂಕಿಯ ಬಗ್ಗೆ. ನನ್ನನ್ನು ಕೇಳಿದರೆ "ಸಾಕಷ್ಟು ಕಡಿಮೆ" ಅಂದಿದ್ದರೆ ಸಾಕಿತ್ತು. ಆದರೆ "ಸಾಕಷ್ಟು ಕಡಿಮೆ" ಅಂತ ಯಾವ ಪತ್ರಿಕೆ ತಲೆಬರಹ ಕೊಡುತ್ತೆ ಹೇಳಿ.

ಇನ್ನು ಪಾಪ್‌ಕಾರ್ನ್. 2000ದಲ್ಲಿ ಅಮೆರಿಕದ ಮಿಸೌರಿಯ ಜಾಸ್ಪರ್ ಎಂಬ ಊರಿನ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ಎಂಟು ಜನರಿಗೆ ಅಪರೂಪದ ಶ್ವಾಸಕೋಶದ ಕಾಯಿಲೆ ಇರುವುದು ಬೆಳಕಿಗೆ ಬಂತು. ಬ್ರಾಂಕಿಯೋಲೈಟಿಸ್ ಆಬ್ಲಿಟರಾನ್ಸ್ ಅಂತ ಹೆಸರು. ಉಸಿರಿನ ಅತಿ ಸಣ್ಣ ನಾಳಗಳು ಗಾಯವಾಗಿ ಮುಚ್ಚಿಹೋಗುತ್ತವೆ, ಮತ್ತೆ ತೆರೆಯುವುದಿಲ್ಲ. ಕಾರಣ ಹುಡುಕಿದಾಗ ಸಿಕ್ಕಿದ್ದು ಪಾಪ್‌ಕಾರ್ನಿಗೆ ಬೆಣ್ಣೆಯ ಘಮ ಕೊಡುವ ಡೈಅಸಿಟೈಲ್. ದೊಡ್ಡ ತೊಟ್ಟಿಗಳಲ್ಲಿ ಅದನ್ನು ಕಲಸುತ್ತಾ ದಿನವಿಡೀ ಆ ಆವಿಯಲ್ಲೇ ಇದ್ದವರು ಅವರು.

2015ರ ಡಿಸೆಂಬರಿನಲ್ಲಿ ಹಾರ್ವರ್ಡಿನ ಸಂಶೋಧಕರು 51 ಬಗೆಯ ಇ-ಸಿಗರೇಟು ಫ್ಲೇವರ್‌ಗಳನ್ನು ಪರೀಕ್ಷಿಸಿದರು. 39ರಲ್ಲಿ ಡೈಅಸಿಟೈಲ್ ಇತ್ತು. ಒಳ್ಳೆಯ ಕೆಲಸ, ಬೇಕಾಗಿದ್ದ ಎಚ್ಚರಿಕೆ. ಮರುದಿನದಿಂದ ಸುದ್ದಿ ಏನಾಯಿತು? "ವೇಪ್‌ನಲ್ಲಿ ಡೈಅಸಿಟೈಲ್ ಇದೆ" ಎಂಬುದು "ವೇಪ್ ಮಾಡಿದರೆ ಪಾಪ್‌ಕಾರ್ನ್ ಲಂಗ್ ಬರುತ್ತೆ" ಎಂದಾಯಿತು. ಎಷ್ಟಿದೆ ಅನ್ನೋದು ಎಲ್ಲೋ ಬಿದ್ದುಹೋಯಿತು. ಸಾಮಾನ್ಯ ಸಿಗರೇಟಿನ ಹೊಗೆಯಲ್ಲೂ ಡೈಅಸಿಟೈಲ್ ಇದೆ, ಅದೂ ಇ-ಸಿಗರೇಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ಈ ವಿಷಯ ಅದಕ್ಕೆ ಒಂದು ವರ್ಷ ಮೊದಲೇ ಪ್ರಕಟವಾಗಿತ್ತು. ಅದನ್ನೂ ಪಕ್ಕದಲ್ಲಿಟ್ಟು ಬರೆದವರು ಬೆರಳೆಣಿಕೆಯಷ್ಟು. ಬ್ರಿಟನ್ನಿನಲ್ಲಂತೂ 2016ರಿಂದ ಇ-ಸಿಗರೇಟು ದ್ರವಕ್ಕೆ ಡೈಅಸಿಟೈಲ್ ಹಾಕುವಂತೆಯೇ ಇಲ್ಲ.

ಆದರೂ ಇಲ್ಲಿ ಒಂದು ಮಾತು ಸೇರಿಸದೆ ಹೋದರೆ ನಾನೂ ಅದೇ ತಪ್ಪು ಮಾಡಿದಂತೆ. 2019ರಲ್ಲಿ ಕೆನಡಾದ ಒಂಟಾರಿಯೊದ 17 ವರ್ಷದ ಹುಡುಗನೊಬ್ಬನಿಗೆ ಪಾಪ್‌ಕಾರ್ನ್ ಲಂಗ್ ಹೋಲುವ ಗಾಯ ಆಗಿದ್ದನ್ನು ಅಲ್ಲಿನ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಅವನು ಫ್ಲೇವರ್ ದ್ರವವನ್ನು ವಿಪರೀತ ಎಳೆಯುತ್ತಿದ್ದ, ಅದಕ್ಕೆ ಗಾಂಜಾದ ಟಿಎಚ್‌ಸಿಯನ್ನೂ ಸೇರಿಸಿಕೊಳ್ಳುತ್ತಿದ್ದ. ಯಾವುದರಿಂದ ಆಯಿತು ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಒಬ್ಬ ರೋಗಿಯ ಕತೆ ವೈದ್ಯರಿಗೆ ಎಚ್ಚರಿಕೆಯ ಗಂಟೆ. ಓದುಗನಿಗೆ ಅದು ಎಷ್ಟು ಜನರಲ್ಲಿ ಒಬ್ಬ ಅನ್ನುವ ಲೆಕ್ಕ ಕೊಡುವುದಿಲ್ಲ.

ಇದೇ ಜಾಡಿನ ಇನ್ನೊಂದು ಸುದ್ದಿ ನನಗೆ ತುಂಬಾ ಇಷ್ಟ, ಯಾಕೆಂದರೆ ಅದರ ಎಡವಟ್ಟು ಅಡುಗೆಮನೆಯಲ್ಲಿ ಅರ್ಥವಾಗುವಂಥದ್ದು. 2015ರ ಜನವರಿಯಲ್ಲಿ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದವರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ಗೆ ಒಂದು ಪತ್ರ ಬರೆದರು. ಇ-ಸಿಗರೇಟನ್ನು 3.3 ವೋಲ್ಟ್‌ನಲ್ಲಿ ಓಡಿಸಿದಾಗ ಅವರು ಹುಡುಕುತ್ತಿದ್ದ, ಕ್ಯಾನ್ಸರ್ ತರಬಲ್ಲ ಫಾರ್ಮಾಲ್ಡಿಹೈಡ್ ಎಂಬ ರಾಸಾಯನಿಕದ ರೂಪ ಸಿಗಲಿಲ್ಲ. 5 ವೋಲ್ಟ್‌ಗೆ ಏರಿಸಿದಾಗ ಧಾರಾಳವಾಗಿ ಸಿಕ್ಕಿತು. ಆ ಎರಡನೆಯ ಅಳತೆಯಿಂದ ಲೆಕ್ಕ ಹಾಕಿ, ಈ ಒಂದು ಪದಾರ್ಥದಿಂದ ಬರುವ ಕ್ಯಾನ್ಸರ್ ಅಪಾಯ ಸಿಗರೇಟಿಗಿಂತ 5ರಿಂದ 15 ಪಟ್ಟು ಹೆಚ್ಚಿರಬಹುದು ಎಂದರು. "ಈ ಒಂದು ಪದಾರ್ಥದಿಂದ" ಅನ್ನೋದು ಹಲವು ಸುದ್ದಿಗಳಲ್ಲಿ ಮಾಯ. "3.3ರಲ್ಲಿ ಸಿಗಲಿಲ್ಲ" ಅನ್ನೋದೂ ಮಾಯ. ಉಳಿದಿದ್ದು, ಇ-ಸಿಗರೇಟಿನಿಂದ 15 ಪಟ್ಟು ಕ್ಯಾನ್ಸರ್!

ಆಮೇಲೆ ಗ್ರೀಸಿನ ಹೃದ್ರೋಗ ತಜ್ಞ ಕಾನ್‌ಸ್ಟಾಂಟಿನೋಸ್ ಫರ್ಸಾಲಿನೋಸ್ ಮತ್ತು ಇತರರು ಇದನ್ನು ಮನುಷ್ಯರ ಜೊತೆ ಪರೀಕ್ಷಿಸಿದರು. ಅಷ್ಟು ಬಿಸಿಗೆ ಕಾಯಿಲ್ ಒಣಗಿ ಸೀದುಹೋಗುತ್ತದೆ. ಸೇದುವವರು ಅದಕ್ಕೆ ‘ಡ್ರೈ ಪಫ್’ ಅನ್ನುತ್ತಾರೆ. ಬಾಯಿಗೆ ಬಂದ ಕ್ಷಣ ಉಗಿದು ಪಕ್ಕಕ್ಕಿಡುವಷ್ಟು ಕೆಟ್ಟ ರುಚಿ. ಒಗ್ಗರಣೆ ಸೀದರೆ ನಾವು ಕೆಮ್ಮಿಕೊಂಡು ಹೊರಗೆ ಓಡುತ್ತೇವೆಯೇ ಹೊರತು ಅದರ ಹೊಗೆಯನ್ನು ದಿನಾ ಕೂತು ಕುಡಿಯುವುದಿಲ್ಲ, ಅಲ್ವಾ? ಯಂತ್ರಕ್ಕೆ ಆ ನಾಲಿಗೆ ಇಲ್ಲ, ಎಷ್ಟು ಸೀದರೂ ಎಳೆಯುತ್ತಲೇ ಇರುತ್ತದೆ. ಸಾಮಾನ್ಯ ಬಿಸಿಯಲ್ಲೂ ಫಾರ್ಮಾಲ್ಡಿಹೈಡ್ ಅಲ್ಪ ಪ್ರಮಾಣದಲ್ಲಿ ಬರುತ್ತದೆ, ಸಾಧನದಿಂದ ಸಾಧನಕ್ಕೆ ಬದಲಾಗುತ್ತದೆ, ಅದನ್ನು ಯಾರೂ ಅಲ್ಲಗಳೆದಿಲ್ಲ. ಆದರೆ ಆ 15 ಪಟ್ಟು ಇದೆಯಲ್ಲ, ಅದು ಸೀದ ಒಗ್ಗರಣೆಯ ಲೆಕ್ಕ.

ಈಗ 2019. ಇ-ಸಿಗರೇಟಿನ ಬಗ್ಗೆ ಇಂದು ಜನರ ತಲೆಯಲ್ಲಿ ಇರುವ ಭಯದ ದೊಡ್ಡ ಪಾಲು ಆ ಒಂದು ವರ್ಷದ್ದು, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲೋಣ.

ಜುಲೈನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಕ್ಕಳ ಆಸ್ಪತ್ರೆಯೊಂದಕ್ಕೆ ಹದಿಹರೆಯದ ಹುಡುಗರು ಒಬ್ಬರ ಹಿಂದೆ ಒಬ್ಬರು ಬಂದರು. ಉಸಿರಾಟಕ್ಕೆ ತೊಂದರೆ, ವಾಂತಿ, ಜ್ವರ. ಮೊದಲು ಸೋಂಕು ಅಂದುಕೊಂಡರು, ಯಾವ ಸೋಂಕೂ ಸಿಗಲಿಲ್ಲ. ಎಲ್ಲರಲ್ಲೂ ಸಾಮಾನ್ಯವಾಗಿದ್ದದ್ದು ಒಂದೇ, ವೇಪ್ ಮಾಡುತ್ತಿದ್ದರು. ಪಕ್ಕದ ಇಲಿನಾಯ್‌ನಲ್ಲೂ ಅದೇ ಕತೆ. ಆಗಸ್ಟಿನಲ್ಲಿ ಇಲಿನಾಯ್‌ನಲ್ಲಿ ಮೊದಲ ಸಾವು. ಸೆಪ್ಟೆಂಬರಿಗೆ ವಾರಕ್ಕೆ ನೂರಾರು ಜನ ಆಸ್ಪತ್ರೆಗೆ. ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಮೊದಲು ಕೊಟ್ಟ ಸಲಹೆ ಏನೆಂದರೆ, ಕಾರಣ ಗೊತ್ತಾಗುವವರೆಗೆ ಇ-ಸಿಗರೇಟುಗಳನ್ನೇ ಬಿಟ್ಟುಬಿಡುವುದನ್ನು ಯೋಚಿಸಿ ಎಂದು. ಆ ಹೊತ್ತಿಗೆ ಅದು ತಪ್ಪಲ್ಲ. ಬಾವಿಯ ನೀರು ಕುಡಿದು ಊರವರಿಗೆ ಭೇದಿಯಾದರೆ ಮೊದಲು ಎಲ್ಲ ಬಾವಿಗೂ ಮುಚ್ಚಳ ಹಾಕುತ್ತಾರೆ, ಆಮೇಲೆ ಯಾವ ಬಾವಿ ಅಂತ ಹುಡುಕುತ್ತಾರೆ.

ಹುಡುಕಿದರು. ರೋಗಿಗಳನ್ನು ಕೇಳುತ್ತಾ ಹೋದಂತೆ ಟಿಎಚ್‌ಸಿ, ಅಂದರೆ ಗಾಂಜಾದ ಅಮಲಿನ ಅಂಶ ಇರುವ ಕಾರ್ಟ್ರಿಜ್‌ಗಳ ಹೆಸರು ಮತ್ತೆ ಮತ್ತೆ ಬಂತು. ಅದೂ ಅಂಗಡಿಯದ್ದಲ್ಲ, ಸ್ನೇಹಿತರಿಂದಲೋ ಕಳ್ಳದಂಧೆಯವರಿಂದಲೋ ಕೊಂಡದ್ದು. ‘ಡ್ಯಾಂಕ್ ವೇಪ್ಸ್’ ಅನ್ನೋ ಹೆಸರು ಪದೇ ಪದೇ ಕೇಳಿಬಂತು. ಅದರ ಹಿಂದೆ ನಿಜವಾದ ಕಂಪನಿಯೇ ಇರಲಿಲ್ಲ, ಖಾಲಿ ಪೆಟ್ಟಿಗೆ ಆನ್‌ಲೈನಿನಲ್ಲಿ ಸಿಗುತ್ತಿತ್ತು, ಯಾರು ಬೇಕಾದರೂ ತುಂಬಿ ಮಾರಬಹುದಿತ್ತು. ಟಿಎಚ್‌ಸಿ ಎಣ್ಣೆ ದುಬಾರಿ. ಗಟ್ಟಿಯಾಗಿದ್ದರೆ ಅಸಲಿ ಅಂತ ಕೊಳ್ಳುವವರ ನಂಬಿಕೆ. ಜೇನುತುಪ್ಪಕ್ಕೆ ಬೆಲ್ಲದ ಪಾಕ ಬೆರೆಸುತ್ತಾರಲ್ಲ, ಹಾಗೆ ಎಣ್ಣೆಗೆ ವಿಟಮಿನ್ ಇ ಅಸಿಟೇಟ್ ಬೆರೆಸಿದರು. ಬಣ್ಣವೂ ಜೇನಿನದ್ದೇ, ಮಂದವೂ ಅಷ್ಟೇ. ಚರ್ಮಕ್ಕೆ ಹಚ್ಚುವ ಕ್ರೀಮಿನಲ್ಲಿ ಇರುವ ಸಾಧು ಪದಾರ್ಥ, ಬಿಸಿ ಮಾಡಿ ಶ್ವಾಸಕೋಶಕ್ಕೆ ಎಳೆದಾಗ ಬೇರೆಯೇ ಆಯಿತು.

ನವೆಂಬರ್ 8ರಂದು ಸಿಡಿಸಿ, ಪರೀಕ್ಷಿಸಿದ 29 ರೋಗಿಗಳ ಶ್ವಾಸಕೋಶದ ದ್ರವದ 29ರಲ್ಲೂ ವಿಟಮಿನ್ ಇ ಅಸಿಟೇಟ್ ಸಿಕ್ಕಿತು ಎಂದು ಪ್ರಕಟಿಸಿತು. ಮುಂದೆ ಅದು 51ರಲ್ಲಿ 48 ಆಯಿತು. ಕಾಯಿಲೆ ಇಲ್ಲದವರ ದ್ರವದಲ್ಲಿ ಸಿಗಲಿಲ್ಲ. ಇದು ಎಣ್ಣೆಯಲ್ಲಿ ಕರಗುವ ಪದಾರ್ಥ, ಸಾಮಾನ್ಯ ನಿಕೋಟಿನ್ ದ್ರವದಲ್ಲಿ ಸರಿಯಾಗಿ ಬೆರೆಯುವುದೇ ಇಲ್ಲ. ಇನ್ನೊಂದು ಸುಳಿವು ಕಣ್ಣೆದುರೇ ಇತ್ತು: ಬ್ರಿಟನ್ನಿನಲ್ಲಿ ಲಕ್ಷಾಂತರ ಜನ ವರ್ಷಗಳಿಂದ ನಿಕೋಟಿನ್ ವೇಪ್ ಮಾಡುತ್ತಿದ್ದರು, ಅಲ್ಲಿ ಇಂಥ ಅಲೆ ಬರಲಿಲ್ಲ. 2020ರ ಫೆಬ್ರವರಿ 18ರ ಕೊನೆಯ ಎಣಿಕೆಗೆ ಅಮೆರಿಕದಲ್ಲಿ 2807 ಪ್ರಕರಣ, 68 ಸಾವು.

ಹಾಗಂತ ನಿಕೋಟಿನ್‌ಗೆ ಪೂರ್ತಿ ಕ್ಲೀನ್ ಚಿಟ್ ಸಿಕ್ಕಿತಾ? ಮಾಹಿತಿ ಕೊಟ್ಟ ರೋಗಿಗಳಲ್ಲಿ ಶೇ 82 ಜನ ಟಿಎಚ್‌ಸಿ ಬಳಸಿದ್ದಾಗಿ ಹೇಳಿದರು, ಶೇ 14 ಜನ ನಿಕೋಟಿನ್ ಮಾತ್ರ ಅಂದರು. ಆ ಶೇ 14ರಲ್ಲಿ, ಅಪ್ಪ ಅಮ್ಮ ಪಕ್ಕದಲ್ಲಿ ನಿಂತಿರುವಾಗ ಗಾಂಜಾ ಅಂತ ಬಾಯಿಬಿಡದ ಹುಡುಗರು ಎಷ್ಟು ಅಂತ ಯಾರೂ ಎಣಿಸಲಾರರು. ಬೇರೆ ಪದಾರ್ಥಗಳ ಪಾತ್ರವನ್ನು ತಳ್ಳಿಹಾಕಲು ಪುರಾವೆ ಸಾಲದು ಅಂತ ಸಿಡಿಸಿ ಹೇಳಿತು. ಆ ಎಚ್ಚರಿಕೆ ಸರಿಯೇ.

ನನ್ನ ತಕರಾರು ಕಾಲದ ಬಗ್ಗೆ. ಆಗಸ್ಟ್, ಸೆಪ್ಟೆಂಬರಿನಲ್ಲಿ "ವೇಪಿಂಗ್‌ನಿಂದ ಸಾವು" ಅನ್ನೋದು ಮುಖಪುಟ. ವಿಟಮಿನ್ ಇ ಅಸಿಟೇಟ್ ಸಿಕ್ಕಿದಾಗ ಒಳಪುಟ. ಜನವರಿಯಲ್ಲಿ ಸಿಡಿಸಿ ತನ್ನ ಸಲಹೆಯನ್ನು ಟಿಎಚ್‌ಸಿ ಕಡೆಗೆ, ಅದರಲ್ಲೂ ಕಳ್ಳದಾರಿಯ ಕಾರ್ಟ್ರಿಜ್ ಕಡೆಗೆ ತಿರುಗಿಸುವ ಹೊತ್ತಿಗೆ ಚೀನಾದಿಂದ ಹೊಸ ವೈರಸ್ಸಿನ ಸುದ್ದಿ ಶುರುವಾಗಿತ್ತು, ಯಾರಿಗೆ ಪುರುಸೊತ್ತು? ಕಾಯಿಲೆಗೆ ಇಟ್ಟ ಹೆಸರೂ ಸಹಾಯ ಮಾಡಲಿಲ್ಲ. ‘ಇವಾಲಿ’ ಎಂಬ ಆ ಹೆಸರಿನ ಮೊದಲ ಅಕ್ಷರವೇ ಇ-ಸಿಗರೇಟಿನದ್ದು, ಟಿಎಚ್‌ಸಿ ಅದರಲ್ಲಿ ಎಲ್ಲೂ ಇಲ್ಲ. ಹೆಸರು ಬದಲಿಸಿ ಅಂತ ಮುಂದೆ ಹಲವು ತಜ್ಞರು ಕೇಳಿಕೊಂಡರು, ಬದಲಾಗಲಿಲ್ಲ. ಕಲಬೆರಕೆ ಸಾರಾಯಿ ಕುಡಿದು ಜನ ಸತ್ತಾಗ ನಾವು "ಪಾನೀಯ ಕುಡಿದು ಸಾವು" ಅಂತ ಬರೆಯುತ್ತೇವಾ?

ಇದೇ ಹೊತ್ತಿಗೆ ಇಂಡಿಯಾದಲ್ಲಿ ಏನಾಯಿತು ನೆನಪಿದೆಯಾ? 2019ರ ಸೆಪ್ಟೆಂಬರ್ 11ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಫ್ಲೇವರ್ ವೇಪ್‌ಗಳನ್ನು ತೆಗೆದುಹಾಕುವುದಾಗಿ ಹೇಳಿದರು. 18ರಂದು ನಿರ್ಮಲಾ ಸೀತಾರಾಮನ್ ದೆಹಲಿಯಲ್ಲಿ ಸುದ್ದಿಗೋಷ್ಠಿ ಮಾಡಿ, ಇ-ಸಿಗರೇಟು ನಿಷೇಧಕ್ಕೆ ಸುಗ್ರೀವಾಜ್ಞೆ ತರುವುದಾಗಿ ಪ್ರಕಟಿಸಿದರು. ಡಿಸೆಂಬರಿಗೆ ಅದು ಕಾಯ್ದೆಯಾಯಿತು. ನಮ್ಮನೆ ಟಿವಿಯಲ್ಲಿ ಅಮೆರಿಕದ ಆಸ್ಪತ್ರೆಯ ದೃಶ್ಯವೂ ದೆಹಲಿಯ ಘೋಷಣೆಯೂ ಒಂದೇ ಉಸಿರಿನಲ್ಲಿ ಬಂದಿದ್ದು ನನಗೆ ಚೆನ್ನಾಗಿ ನೆನಪಿದೆ, ಅಲ್ಲಿ ಸತ್ತವರಿಂದಲೇ ಇಲ್ಲಿ ನಿಷೇಧ ಅನ್ನೋ ಹಾಗೆ. ನಿಜ ಹೇಳಬೇಕೆಂದರೆ ನಿಷೇಧದ ತಯಾರಿ ಮೊದಲೇ ನಡೆದಿತ್ತು. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಆ ವರ್ಷದ ಮೇನಲ್ಲೇ ಪೂರ್ತಿ ನಿಷೇಧಿಸಿ ಅಂತ ಹೇಳಿತ್ತು. ಕರ್ನಾಟಕ ಇನ್ನೂ ಮುಂಚೆ, 2016ರಲ್ಲೇ ನಿಷೇಧಿಸಿತ್ತು. ಸರ್ಕಾರದ ಮುಖ್ಯ ವಾದ ಮಕ್ಕಳ ಬಗ್ಗೆ, ಹೊಸ ಪೀಳಿಗೆಗೆ ನಿಕೋಟಿನ್ ಚಟ ಹತ್ತಬಾರದು ಅಂತ.

ಆ ವಾದವನ್ನು ತಳ್ಳಿಹಾಕೋಕೆ ಆಗಲ್ಲ. ಅಮೆರಿಕದ ಹೈಸ್ಕೂಲಿನಲ್ಲಿ 2019ರ ಸಮೀಕ್ಷೆ ಪ್ರಕಾರ ಶೇ 27.5 ಮಕ್ಕಳು ಹಿಂದಿನ 30 ದಿನದಲ್ಲಿ ಇ-ಸಿಗರೇಟು ಎಳೆದಿದ್ದರು. ಪೆನ್‌ಡ್ರೈವ್ ಥರ ಕಾಣುವ ಜೂಲ್ ಕಂಪನಿಯ ಇ-ಸಿಗರೇಟು ಬಂದ ಮೇಲೆ ಏರಿದ ಏರಿಕೆ ಅದು. ಈ ಅಂಕಿಯನ್ನೂ ಬಿಡಿಸಿ ನೋಡಬೇಕು: 30 ದಿನದಲ್ಲಿ ಒಂದೇ ಒಂದು ಸಲ ಎಳೆದವನೂ, ದಿನಕ್ಕೆ ಐವತ್ತು ಸಲ ಎಳೆಯುವವನೂ ಇದರಲ್ಲಿ ಒಂದೇ. 2024ಕ್ಕೆ ಅದು ಶೇ 7.8ಕ್ಕೆ ಇಳಿಯಿತು. ಏರಿದ್ದು ಎಷ್ಟು ದೊಡ್ಡ ಸುದ್ದಿಯಾಯಿತೋ ಇಳಿದದ್ದು ಅದರ ಕಾಲುಭಾಗವೂ ಆಗಲಿಲ್ಲ, ಇಳಿಕೆಯಲ್ಲಿ ಸುದ್ದಿಯ ಖಾರ ಇಲ್ಲ ನೋಡಿ.

ಆದರೆ ನಮ್ಮ ಕಡೆಯ ವರದಿಗಳಲ್ಲಿ ಕಾಣದೇ ಹೋದದ್ದು ಪಕ್ಕದ ಅಂಕಿ. ತಂಬಾಕು ಬಳಕೆ ಅಳೆಯುವ ಜಿಎಟಿಎಸ್ ಎಂಬ 2016-17ರ ಸಮೀಕ್ಷೆ ಪ್ರಕಾರ ಇಂಡಿಯಾದಲ್ಲಿ ಇ-ಸಿಗರೇಟು ಬಳಸುತ್ತಿದ್ದವರು ವಯಸ್ಕರಲ್ಲಿ ಶೇ 0.02. ತಂಬಾಕು ಬಳಸುತ್ತಿದ್ದವರು ಶೇ 28.6. ಕರ್ನಾಟಕದಲ್ಲಿ ಶೇ 22.8. ತಂಬಾಕಿನಿಂದ ದೇಶದಲ್ಲಿ ವರ್ಷಕ್ಕೆ 13 ಲಕ್ಷದಷ್ಟು ಜನ ಸಾಯುತ್ತಾರೆ ಅನ್ನೋ ಅಂದಾಜಿದೆ. ಬೀಡಿ, ಗುಟ್ಕಾ, ಹೊಗೆಸೊಪ್ಪು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೋದರೆ ಹೊಲದ ಬದಿಯಲ್ಲಿ ತಂಬಾಕು ಹದ ಮಾಡುವ ಬ್ಯಾರನ್‌ಗಳು ಕಾಣುತ್ತವೆ, ಸರ್ಕಾರಿ ಮಂಡಳಿಯೇ ಹರಾಜು ನಡೆಸುತ್ತದೆ. ನಿಷೇಧ ಘೋಷಣೆಯಾದ ದಿನ ಸಿಗರೇಟು ಕಂಪನಿಗಳ ಷೇರು ಏರಿದವು, ಅವುಗಳಲ್ಲಿ ಐಟಿಸಿಯಲ್ಲಿ ಎಲ್‌ಐಸಿಯದ್ದೂ ಸರ್ಕಾರದ ಇನ್ನೊಂದು ಸಂಸ್ಥೆಯದ್ದೂ ದೊಡ್ಡ ಪಾಲಿದೆ. ಇದರಿಂದಲೇ ನಿಷೇಧವಾಯಿತು ಅಂತ ನಾನು ಹೇಳುತ್ತಿಲ್ಲ, ಅದಕ್ಕೆ ಪುರಾವೆ ಇಲ್ಲ. ಇ-ಸಿಗರೇಟು ಎಷ್ಟು ಅಪಾಯ ಅಂತ ಅರ್ಧ ಗಂಟೆ ಚರ್ಚೆ ಮಾಡುವವರು ಈ ಸಂಗತಿಯನ್ನೂ ಪಕ್ಕದಲ್ಲಿಡಬೇಕಿತ್ತು ಅಷ್ಟೇ.

ದುಡ್ಡಿನ ವಿಚಾರ ಬಂದಾಗ ಎರಡೂ ಕಡೆ ನೋಡಬೇಕು. 2018ರ ಡಿಸೆಂಬರಿನಲ್ಲಿ ಮಾರ್ಲ್‌ಬರೊ ಮಾರುವ ಆಲ್ಟ್ರಿಯಾ ಕಂಪನಿ 1280 ಕೋಟಿ ಡಾಲರ್ ಕೊಟ್ಟು ಜೂಲ್‌ನ ಶೇ 35 ಪಾಲು ಕೊಂಡಿತು. 2019ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕುಬೇರ ಮೈಕಲ್ ಬ್ಲೂಮ್‌ಬರ್ಗ್ ಅವರ ದತ್ತಿ ಸಂಸ್ಥೆ ಫ್ಲೇವರ್ ವೇಪ್‌ಗಳ ವಿರುದ್ಧದ ಪ್ರಚಾರಕ್ಕೆ 16 ಕೋಟಿ ಡಾಲರ್ ಘೋಷಿಸಿತು. ಒಂದು ಲಾಭಕ್ಕೆ, ಇನ್ನೊಂದು ಆರೋಗ್ಯಕ್ಕೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ "ತಜ್ಞರೊಬ್ಬರ ಪ್ರಕಾರ" ಅಂತ ಓದಿದಾಗ ಆ ತಜ್ಞರ ಸಂಬಳ ಎಲ್ಲಿಂದ ಬರುತ್ತೆ ಅಂತ ಒಂದು ಸಲ ಹುಡುಕಿ ನೋಡುವುದರಲ್ಲಿ ತಪ್ಪೇನಿಲ್ಲ.

ಹುಡುಕಿದ ಮೇಲೂ ಕೆಲಸ ಮುಗಿಯಲ್ಲ, ಅದಕ್ಕೆ ಈ ಉದಾಹರಣೆ. 2019ರ ಜೂನಿನಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ ಪತ್ರಿಕೆಯೊಂದರಲ್ಲಿ ಸ್ಟ್ಯಾಂಟನ್ ಗ್ಲಾಂಟ್ಜ್ ಮತ್ತು ಧರ್ಮ ಭಟ್ಟ ಅವರ ಅಧ್ಯಯನ ಬಂತು: ಇ-ಸಿಗರೇಟು ಬಳಸುವವರಲ್ಲಿ ಹೃದಯಾಘಾತ ಹೆಚ್ಚು ಅಂತ. ದೊಡ್ಡ ಸುದ್ದಿಯಾಯಿತು. ಲೂಯಿವಿಲ್ ವಿಶ್ವವಿದ್ಯಾಲಯದ ಬ್ರಾಡ್ ರೋಡು ಅದೇ ದತ್ತಾಂಶ ತೆಗೆದು ನೋಡಿದರು. ಹೃದಯಾಘಾತವಾದ ಹಲವರಿಗೆ ಅದು ಆಗಿದ್ದು ಅವರು ವೇಪ್ ಕೈಗೆತ್ತಿಕೊಳ್ಳುವ ಮೊದಲೇ! ಮದುವೆಗೆ ಮುಂಚೆ ಹುಟ್ಟಿದ ಮೊಮ್ಮಗನ ಹಾಗೆ. 2020ರ ಫೆಬ್ರವರಿಯಲ್ಲಿ ಪತ್ರಿಕೆ ಆ ಲೇಖನವನ್ನು ಹಿಂತೆಗೆದುಕೊಂಡಿತು. ರೋಡು ಅವರ ಸಂಶೋಧನೆಗೆ ತಂಬಾಕು ಕಂಪನಿಗಳ ದುಡ್ಡು ಬಂದಿದೆ, ಅದೂ ಗೊತ್ತಿರಲಿ. ಆದರೂ ಅವರು ಹಿಡಿದ ತಪ್ಪು ತಪ್ಪೇ. ಹಿಂತೆಗೆದ ಸುದ್ದಿ ಎಷ್ಟು ಜನರನ್ನು ತಲುಪಿತು? ಹೃದಯಕ್ಕೆ ವೇಪ್‌ನಿಂದ ಏನೂ ಆಗಲ್ಲ ಅಂತ ಇದರಿಂದ ತಿಳಿಯಬೇಡಿ. ನಿಕೋಟಿನ್ ಹೃದಯದ ಬಡಿತ, ರಕ್ತದೊತ್ತಡ ಏರಿಸುತ್ತದೆ. ಮೂವತ್ತು ನಲವತ್ತು ವರ್ಷ ವೇಪ್ ಮಾಡಿದವರನ್ನು ನೋಡೋಕೆ ಈ ಸಾಧನಕ್ಕೇ ಅಷ್ಟು ವಯಸ್ಸಾಗಿಲ್ಲ.

ಇನ್ನು ಬ್ಯಾಟರಿ ಸಿಡಿಯುವ ಸುದ್ದಿ ಬೇಗ ಮುಗಿಸುತ್ತೇನೆ. ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ 195 ಘಟನೆ ಲೆಕ್ಕ ಹಾಕಿತು. ಎಲ್ಲಿಂದ ಲೆಕ್ಕ ಹಾಕಿತು ಅಂದರೆ, ಮಾಧ್ಯಮ ವರದಿಗಳಿಂದ. ಸುದ್ದಿಯೇ ದತ್ತಾಂಶ, ದತ್ತಾಂಶವೇ ಮತ್ತೆ ಸುದ್ದಿ.

ಇಷ್ಟೆಲ್ಲ ಸುದ್ದಿಯ ಪರಿಣಾಮ ಅಳೆದು ನೋಡಿದವರಿದ್ದಾರೆ. ಇಂಗ್ಲೆಂಡಿನಲ್ಲಿ ಸಿಗರೇಟು ಸೇದುವವರನ್ನು ಕೇಳುತ್ತಾ ಬಂದರು. ಇ-ಸಿಗರೇಟು ಸಿಗರೇಟಿಗಿಂತ ಕಡಿಮೆ ಹಾನಿಕರ ಅಂದವರು 2014ರಲ್ಲಿ ಶೇ 44ರಷ್ಟಿದ್ದರು, 2023ಕ್ಕೆ ಶೇ 27. ಅಷ್ಟರಲ್ಲಿ ಪುರಾವೆ ಹೋದ ದಿಕ್ಕು ಇದಲ್ಲ. 2019ರಲ್ಲಿ ಪೀಟರ್ ಹಾಜೆಕ್ ತಂಡ 886 ಜನರ ಮೇಲೆ ಪ್ರಯೋಗ ಮಾಡಿತ್ತು. ಅರ್ಧ ಜನರಿಗೆ ಇ-ಸಿಗರೇಟು, ಅರ್ಧ ಜನರಿಗೆ ಗಮ್, ಪಟ್ಟಿಯಂಥ ನಿಕೋಟಿನ್ ಬದಲಿ, ಎಲ್ಲರಿಗೂ ಆಪ್ತಸಲಹೆ. ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದವರು ಮೊದಲ ಗುಂಪಿನಲ್ಲಿ ಶೇ 18, ಎರಡನೆಯದರಲ್ಲಿ ಶೇ 9.9. ದುಪ್ಪಟ್ಟು, ಅಬ್ಬಾ. ಆದರೆ ಮೊದಲ ಗುಂಪಿನಲ್ಲೂ ನೂರಕ್ಕೆ 82 ಜನ ಬಿಡಲಿಲ್ಲ ಅನ್ನೋದೂ ಅದೇ ಅಂಕಿಯೊಳಗಿದೆ. ಮತ್ತೆ, ಇ-ಸಿಗರೇಟಿನಿಂದ ಸಿಗರೇಟು ಬಿಟ್ಟವರಲ್ಲಿ ಶೇ 80 ಜನ ವರ್ಷದ ಮೇಲೂ ವೇಪ್ ಎಳೆಯುತ್ತಲೇ ಇದ್ದರು. ಹೊಗೆ ಹೋಯಿತು, ನಿಕೋಟಿನ್ ಉಳಿಯಿತು. ಒಂದೇ ಅಧ್ಯಯನದಿಂದ ಬೇಕಾದರೆ ಹೊಗಳುವ ಸುದ್ದಿ ಮಾಡಿ, ಬೇಕಾದರೆ ತೆಗಳುವ ಸುದ್ದಿ ಮಾಡಿ, ಎರಡರಲ್ಲೂ ಸುಳ್ಳಿರುವುದಿಲ್ಲ.

ಸಂಜೆ ಭಾವನಿಗೆ ಫೋನ್ ಮಾಡಿದೆ. "ಭಾವ, ಎರಡೂ ಲಿಂಕ್ ಅರ್ಧ ನಿಜ" ಅಂತ ಶುರು ಮಾಡಿದೆ. ಅವರಿಗೆ ಪೂರ್ತಿ ಕೇಳುವ ತಾಳ್ಮೆ ಇರಲಿಲ್ಲ. ಹಾಗಾಗಿ ಅವರಿಗೆ ಬೇಕಾದಷ್ಟೇ ಹೇಳಿದೆ. ಆ ಬ್ರಿಟಿಷ್ ಸಂಶೋಧನೆ ಬ್ರಿಟನ್ನಿನಲ್ಲಿ ಮಾರುವ ಸರಕಿನ ಬಗ್ಗೆ, ಅಲ್ಲಿ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟುವಂತಿಲ್ಲ, ಒಳಗೆ ಏನಿದೆ ಅಂತ ಸರ್ಕಾರಕ್ಕೆ ಲೆಕ್ಕ ಕೊಡಬೇಕು. ಬೆಂಗಳೂರಲ್ಲಿ ಕದ್ದು ಮಾರುವ ಬಣ್ಣಬಣ್ಣದ ಕಡ್ಡಿಯಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರಲ್ಲ, ಶೇ 95 ಅದಕ್ಕೆ ಅನ್ವಯಿಸಲ್ಲ. ದುಬೈಯಿಂದ ತರಿಸೋದು ಆಮದು, ಮೊದಲ ಸಲ ಸಿಕ್ಕಿಬಿದ್ದರೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ, ಪಾಪ ಆ ಫ್ರೆಂಡನ್ನ ಯಾಕೆ ಸಿಕ್ಕಿಸ್ತೀರಾ. ನಿಕೋಟಿನ್ ಗಮ್ ಮೆಡಿಕಲ್ ಶಾಪಲ್ಲಿ ಸಿಗುತ್ತೆ, 2 ಮಿಲಿಗ್ರಾಂ, 4 ಮಿಲಿಗ್ರಾಂ ಅಂತ ಬರುತ್ತೆ, ನಿಮಗೆ ಯಾವುದು ಅಂತ ಡಾಕ್ಟರನ್ನ ಕೇಳಿ. ಬಿಡೋಕೆ ಸಹಾಯ ಬೇಕಾದರೆ ಸರ್ಕಾರದ ಕ್ವಿಟ್‌ಲೈನ್ ಇದೆ, ಬಿಟ್ಟಿ ಕರೆ, ನಮ್ಮ ನಿಮ್ಹಾನ್ಸ್‌ನವರೂ ಅದನ್ನು ನಡೆಸ್ತಾರೆ, ಕನ್ನಡದಲ್ಲೇ ಮಾತಾಡಬಹುದು.

"ನಂಬರ್ ಕಳ್ಸು" ಅಂದರು.

"ನಿಮ್ಮ ಜೇಬಲ್ಲೇ ಇದೆ ನೋಡಿ ಭಾವ, ಪ್ಯಾಕ್ ಮೇಲೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಪ್ಯಾಕಿನ ಪ್ಲಾಸ್ಟಿಕ್ ಚರಪರ ಅಂದದ್ದು ಕೇಳಿಸಿತು. ಆಮೇಲೆ ನಿಧಾನಕ್ಕೆ ಓದಿದರು, "ಒಂದು, ಎಂಟು, ಸೊನ್ನೆ, ಸೊನ್ನೆ..."